ಹತ್ತು ಗಂಟೆಯ ಬಾಗಿಲು: ಊರಿನ ಟಿಕೆಟ್ಟು, ಕಂಪ್ಯೂಟರಿನ ನೆನಪು



ಮಾರ್ಚ್, ಏಪ್ರಿಲ್ ಬಂತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಯೋಗಕ್ಷೇಮ ಕೇಳುವುದಕ್ಕೂ ಮೊದಲು ಕೇಳುವ ಪ್ರಶ್ನೆ ಒಂದಿದೆ: "ಟಿಕೆಟ್ ಆಯ್ತಾ?" ವಡಾಲದ ಎನ್‌ಕೆಇಎಸ್ ಶಾಲೆಯ ಮಕ್ಕಳ ಪರೀಕ್ಷೆ ಮುಗಿಯಬೇಕು, ಯಜಮಾನರಿಗೆ ರಜೆ ಸಿಗಬೇಕು, ಊರಲ್ಲಿ ನೇಮವೋ ಮದುವೆಯೋ ಗೃಹಪ್ರವೇಶವೋ ಇರಬೇಕು. ಇವೆಲ್ಲ ಕೂಡಿ ಬಂದರೂ ಮತ್ಸ್ಯಗಂಧಾ, ಉದ್ಯಾನ್, ಶರಾವತಿ, ಚಾಲುಕ್ಯ ಇವುಗಳಲ್ಲೊಂದರಲ್ಲಿ ಬರ್ತ್ ಸಿಗದಿದ್ದರೆ ಎಲ್ಲ ವ್ಯರ್ಥ. ತತ್ಕಾಲ್ ಟಿಕೆಟಿನ ಬಾಗಿಲು 2012ರ ಜುಲೈಯಿಂದ ಬೆಳಿಗ್ಗೆ ಹತ್ತಕ್ಕೆ ತೆರೆಯತೊಡಗಿತು. 2015ರ ಜೂನ್‌ನಿಂದ ಎಸಿ ದರ್ಜೆಗೆ ಹತ್ತು ಗಂಟೆ, ಉಳಿದವಕ್ಕೆ ಹನ್ನೊಂದು ಗಂಟೆ ಎಂದಾಯಿತು. ಆ ಹೊತ್ತಿನಲ್ಲಿ ಪರದೆಯ ಮೇಲೆ ಗಿರಗಿರ ತಿರುಗುವ ಚಕ್ರವನ್ನು ನೋಡದ ಮುಂಬಯಿ ಕನ್ನಡಿಗ ಇದ್ದಾನೆಯೇ?

ಆ ಚಕ್ರ ಯಾಕೆ ತಿರುಗುತ್ತದೆ? "ಸರ್ವರ್ ಡೌನ್" ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆ ಎರಡು ಪದಗಳ ಹಿಂದೆ ದೊಡ್ಡದೊಂದು ಚರಿತ್ರೆ ಇದೆ, ಅದರ ಮೊದಲ ಪುಟ ನಮ್ಮ ಮುಂಬಯಿಯಲ್ಲೇ ಇದೆ. ಯಂತ್ರದ ವೇಗಕ್ಕಿಂತ ಹೆಚ್ಚಾಗಿ ಅದು ನೆನಪಿನ ಚರಿತ್ರೆ. ಏನನ್ನು ನೆನಪಿಡಬೇಕು, ಎಲ್ಲಿ ಇಡಬೇಕು, ಎಷ್ಟು ಹೊತ್ತು ಇಡಬೇಕು, ಯಾವಾಗ ಮರೆತುಬಿಡಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳೇ ಆ ಚರಿತ್ರೆ. ಈ ಸಂಚಿಕೆಯಲ್ಲಿ ಅದನ್ನಿಷ್ಟು ಬಿಡಿಸಿ ನೋಡೋಣ.

ಕೊಲಾಬಾದ ಹತ್ತು ಸಾವಿರ ಬೈಟು

ಭಾರತದಲ್ಲೇ ರೂಪಿಸಿ ಕಟ್ಟಿದ ಮೊದಲ ಪೂರ್ಣ ಪ್ರಮಾಣದ ಡಿಜಿಟಲ್ ಕಂಪ್ಯೂಟರ್ ತಯಾರಾದದ್ದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಅಂದರೆ ಟಿಐಎಫ್‌ಆರ್‌ನಲ್ಲಿ. ಆರ್. ನರಸಿಂಹನ್ ಅವರ ನೇತೃತ್ವದ ತಂಡ ಅದನ್ನು 1960ರಲ್ಲಿ ಬಳಕೆಗೆ ತಂದಿತು. 1962ರಲ್ಲಿ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಾಯಿತು. ಸುಮಾರು 2,700 ವಾಲ್ವುಗಳಿದ್ದ ದೈತ್ಯ ಯಂತ್ರ ಅದು. ಹಳೆಯ ರೇಡಿಯೋ ಸೆಟ್ಟಿನಲ್ಲಿ ಬೆಚ್ಚಗೆ ಬೆಳಗುತ್ತಿದ್ದ ವಾಲ್ವುಗಳು ನಮ್ಮ ಹಿರಿಯ ಕೇಳುಗರಿಗೆ ನೆನಪಿರಬಹುದು, ಅಂಥವೇ.

ಅದರ ನೆನಪಿನ ಶಕ್ತಿ ಎಷ್ಟು? ತಂತಿಗಳಲ್ಲಿ ಪೋಣಿಸಿದ ಫೆರೈಟ್ ಎಂಬ ಪುಟ್ಟ ಕಾಂತೀಯ ಮಣಿಗಳೇ ಅದರ ಮೆಮೊರಿ. 2,048 ಪದಗಳು, ಒಂದೊಂದು ಪದಕ್ಕೆ 40 ಬಿಟ್. ಗುಣಿಸಿದರೆ 81,920 ಬಿಟ್. ಇಂದಿನ ಲೆಕ್ಕದಲ್ಲಿ 10,240 ಬೈಟ್, ಬರೀ ಹತ್ತು ಕೆಬಿ. ವಾಟ್ಸಾಪಿನಲ್ಲಿ ಬರುವ "ಶುಭೋದಯ" ಚಿತ್ರವೊಂದು ಅದರಲ್ಲಿ ಹಿಡಿಸಲಾರದು. ಆದರೂ ವಿಜ್ಞಾನಿಗಳು ಅದರಲ್ಲಿ ಗಂಭೀರವಾದ ಲೆಕ್ಕಗಳನ್ನು ಮಾಡಿ ಮುಗಿಸಿದರು. ಜಾಗ ಅಷ್ಟೇ ಇದ್ದಾಗ ಪ್ರೋಗ್ರಾಂ ಬರೆಯುವವನು ಒಂದೊಂದು ಪದಕ್ಕೂ ಲೆಕ್ಕ ಇಡಲೇಬೇಕಿತ್ತು. ಒಂದು ಕೋಣೆಯ ಚಾಳಿನಲ್ಲಿ ಎಂಟು ಮಂದಿಯ ಸಂಸಾರ ಸಾಗಿಸಿದ ನಮ್ಮ ಅಜ್ಜಿಯಂದಿರ ಹಾಗೆ ಪ್ರತಿ ವಸ್ತುವಿಗೂ ಒಂದು ಗೂಡು, ಕೆಲಸ ಮುಗಿದ ಕೂಡಲೇ ಆ ಗೂಡು ಬೇರೆಯದಕ್ಕೆ.

ಈ ಹತ್ತು ಕೆಬಿಯನ್ನು ಸ್ವಲ್ಪ ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಉಗ್ರಾಣ ಕಟ್ಟಿದ ಕಾಲ

ರೈಲ್ವೆ ಟಿಕೆಟಿನ ನೆನಪು ಮೊದಲು ಇದ್ದದ್ದು ದಪ್ಪ ರಿಜಿಸ್ಟರುಗಳಲ್ಲಿ. ಯಾವ ದಿನ, ಯಾವ ಗಾಡಿ, ಯಾವ ಬೋಗಿ ಎಂದು ಗುಮಾಸ್ತರು ಹಾಳೆ ತಿರುವಿ ಹೆಸರು ಬರೆಯುತ್ತಿದ್ದರು. ಒಂದು ಗಾಡಿಯ ಪುಸ್ತಕ ಒಬ್ಬರ ಕೈಯಲ್ಲಿದ್ದರೆ ಇನ್ನೊಬ್ಬರು ಕಾಯಬೇಕು. ಎರಡು ಗಾಡಿ ಬದಲಿಸಿ ಹೋಗುವವರು ಎರಡು ಸಾಲಿನಲ್ಲಿ ನಿಲ್ಲಬೇಕು. ಬೇರೆ ಊರಿನಿಂದ ಮರಳಿ ಬರುವ ಟಿಕೆಟಿಗೆ ತಂತಿ ಕಳಿಸಿ ಉತ್ತರಕ್ಕೆ ಕಾಯಬೇಕು.

1985ರ ನವೆಂಬರ್‌ನಲ್ಲಿ ನವದೆಹಲಿಯಲ್ಲಿ ಪ್ರಾಯೋಗಿಕವಾಗಿ ಕಂಪ್ಯೂಟರ್ ಕಾಯ್ದಿರಿಸುವಿಕೆ ಶುರುವಾಯಿತು. ಸಿಎಂಸಿ ಸಂಸ್ಥೆ ರೂಪಿಸಿದ ಆ ವ್ಯವಸ್ಥೆಗೆ ಇಂಪ್ರೆಸ್ ಎಂದು ಹೆಸರು. 1986ರಲ್ಲಿ ರೈಲ್ವೆಯು ತನ್ನ ಕಂಪ್ಯೂಟರ್ ಕೆಲಸಗಳಿಗಾಗಿಯೇ ಕ್ರಿಸ್ ಎಂಬ ಸಂಸ್ಥೆಯನ್ನು ಕಟ್ಟಿತು. ಮುಂದೆ ಮುಂಬಯಿಯೂ ಸೇರಿದಂತೆ ದೊಡ್ಡ ನಗರಗಳಿಗೆ ಈ ಸೌಲಭ್ಯ ಬಂತು. ಆದರೆ ಒಂದೊಂದು ನಗರದ ಕಂಪ್ಯೂಟರು ತನ್ನ ಗಾಡಿಗಳನ್ನು ಮಾತ್ರ ಬಲ್ಲದು, ಅಕ್ಕಪಕ್ಕದ ಮನೆಯವರು ಮಾತು ಬಿಟ್ಟ ಹಾಗೆ. ಆ ಗೋಡೆ ಒಡೆದದ್ದು ಕಾನ್ಸರ್ಟ್ ಎಂಬ ತಂತ್ರಾಂಶ. 1994ರಲ್ಲಿ ಸಿಕಂದರಾಬಾದಿನಲ್ಲಿ ಆರಂಭವಾಗಿ, 1999ರ ಏಪ್ರಿಲ್ ಹೊತ್ತಿಗೆ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಐದೂ ಕೇಂದ್ರಗಳು ಒಂದಕ್ಕೊಂದು ಜೋಡಿಸಿಕೊಂಡವು. ಒಂದು ಗಾಡಿಯ ಲೆಕ್ಕ ಒಂದೇ ಕಡೆ ಇರುತ್ತದೆ, ಕೇಳುವವರು ಎಲ್ಲಿಂದಲೂ ಕೇಳಬಹುದು. ಒಂದು ಬರ್ತನ್ನು ಇಬ್ಬರಿಗೆ ಮಾರಬಾರದು ಎಂಬ ಮೂಲ ನಿಯಮ ಕಾಯಲು ಇದೇ ದಾರಿ.

ನಮ್ಮ ಕರಾವಳಿಯವರಿಗೆ ಇದು ಸರಿಯಾದ ಹೊತ್ತಿಗೆ ಬಂತು. ಕೊಂಕಣ ರೈಲ್ವೆ 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆಯಿತು. ಅದೇ ವರ್ಷ ಮತ್ಸ್ಯಗಂಧಾ ಓಡತೊಡಗಿತು. ಬಸ್ಸಿನಲ್ಲಿ ಘಟ್ಟ ಸುತ್ತಿ ಸೊಂಟ ನೋಯಿಸಿಕೊಳ್ಳುತ್ತಿದ್ದವರು ಒಂದೇ ರಾತ್ರಿಯಲ್ಲಿ ಊರು ಕಂಡರು. ಗಾಡಿ ಬಂದ ಮೇಲೆ ಅದರ ಬರ್ತಿಗಾಗಿ ಪೈಪೋಟಿಯೂ ಬಂತು.

ದೇವಸ್ಥಾನದ ಭಾಷೆಯಲ್ಲಿ ಹೇಳುವುದಾದರೆ ಈ ಕಾಯ್ದಿರಿಸುವ ವ್ಯವಸ್ಥೆಯೇ ಉಗ್ರಾಣ. ಅಕ್ಕಿ ಎಷ್ಟು, ಬೇಳೆ ಎಷ್ಟು ಎಂಬ ನಿಜವಾದ ಲೆಕ್ಕ ಅಲ್ಲಿ. ಮುಂದೆ ಬಂದ ವೆಬ್‌ಸೈಟ್ ಬರೀ ಬಾಗಿಲು. ನೂಕುನುಗ್ಗಲು ಆಗುವುದು ಯಾವಾಗಲೂ ಬಾಗಿಲಲ್ಲೇ.

ಮರೆಗುಳಿ ವೆಬ್, ಚಪ್ಪಲಿ ಟೋಕನ್

2002ರ ಆಗಸ್ಟ್ 3ರಂದು ಐಆರ್‌ಸಿಟಿಸಿ ಅಂತರ್ಜಾಲದಲ್ಲಿ ಟಿಕೆಟ್ ಮಾರಲು ಆರಂಭಿಸಿತು. ಮೊದಮೊದಲು ಟಿಕೆಟ್ಟು ಕೊರಿಯರಿನಲ್ಲಿ ಮನೆಗೆ ಬರುತ್ತಿತ್ತು. ನಾವೇ ಮುದ್ರಿಸಿಕೊಳ್ಳುವ ಇ-ಟಿಕೆಟ್ 2005ರಲ್ಲಿ ಬಂತು. ಆಗಿನ ಸೈಟಿನ ವಿಳಾಸಪಟ್ಟಿಯಲ್ಲಿ ಉದ್ದನೆಯ ಅಕ್ಷರಮಾಲೆಯ ನಡುವೆ "ಡಾಟ್ ಡೂ" ಎಂಬ ಒಂದು ಬಾಲ ಇರುತ್ತಿತ್ತು. ಗಮನಿಸಿದವರು ಕಡಿಮೆ. ಶಾಸನ ಓದುವವರು ಲಿಪಿಯ ತಿರುವು ನೋಡಿ ಕಾಲ ಹೇಳುತ್ತಾರಲ್ಲ, ಹಾಗೆ ಕಂಪ್ಯೂಟರ್ ಬಲ್ಲವರು ಈ ಬಾಲ ನೋಡಿ ಕಾಲ ಹೇಳುತ್ತಾರೆ. ಅದು 2000ದಲ್ಲಿ ಹುಟ್ಟಿದ ಸ್ಟ್ರಟ್ಸ್ ಎಂಬ ಜಾವಾ ಫ್ರೇಮ್‌ವರ್ಕಿನ ರೂಢಿಯ ಗುರುತು.

ಜಾವಾ ಎಂದರೆ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿ 1995ರಲ್ಲಿ ಹೊರತಂದ ಕಂಪ್ಯೂಟರ್ ಭಾಷೆ. ಫ್ರೇಮ್‌ವರ್ಕ್ ಎಂದರೆ? ವಡಾಲದ ಜಿಎಸ್‌ಬಿ ಗಣೇಶೋತ್ಸವದ ಮಂಟಪ ನೆನಪಿಸಿಕೊಳ್ಳಿ. ಪ್ರತಿ ವರ್ಷ ಮರ ಕಡಿದು ಕಂಬ ಮಾಡಲು ಯಾರೂ ಹೋಗುವುದಿಲ್ಲ. ಗುತ್ತಿಗೆದಾರರ ಬಳಿ ಅಳತೆಯ ಕಂಬ, ಚೌಕಟ್ಟು, ಪರದೆ ಸಿದ್ಧವಿರುತ್ತವೆ. ತಂದು ಜೋಡಿಸಿ, ಅಲಂಕಾರ ಮಾತ್ರ ಹೊಸದಾಗಿ ಮಾಡಿದರಾಯಿತು. ವೆಬ್‌ಸೈಟಿಗೂ ಅಂಥ ಸಿದ್ಧ ಚೌಕಟ್ಟು ಬೇಕು. ಅದೇ ಫ್ರೇಮ್‌ವರ್ಕ್. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಸಣ್ಣ ಪೂಜೆಗೂ ಆ ದೊಡ್ಡ ಕಂಬಗಳನ್ನೇ ಹೊರಬೇಕು, ಅದರ ಭಾರ ಎಲ್ಲೋ ಒಂದು ಕಡೆ ಬೀಳುತ್ತದೆ.

ಎಲ್ಲಿ ಬೀಳುತ್ತದೆ ಎಂದು ತಿಳಿಯಲು ವೆಬ್ಬಿನ ಒಂದು ಸ್ವಭಾವ ಗೊತ್ತಿರಬೇಕು. ವೆಬ್ ಹುಟ್ಟಾ ಮರೆಗುಳಿ. ನೀವು ಒಂದು ಪುಟ ಕೇಳುತ್ತೀರಿ, ಸರ್ವರ್ ಕೊಡುತ್ತದೆ, ಆಮೇಲೆ ನೀವು ಯಾರು ಎಂಬುದನ್ನೇ ಮರೆತುಬಿಡುತ್ತದೆ. ಪತ್ರಿಕೆ ಓದಲು ಅಷ್ಟು ಸಾಕು. ಟಿಕೆಟಿಗೆ ಸಾಲದು. ಗಾಡಿ ಆರಿಸಿದ್ದು, ಹೆಸರು ತುಂಬಿಸಿದ್ದು, ಹಣ ಕಟ್ಟಿದ್ದು ಎಲ್ಲವೂ ಒಬ್ಬರದೇ ಎಂದು ಸರ್ವರಿಗೆ ನೆನಪಿರಬೇಕು. ಇದಕ್ಕಾಗಿ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಕುಕಿ ಎಂಬ ಉಪಾಯ ತಂದರು. ಆ ಬಳಿಕ ಸೆಷನ್ ಎಂಬ ಪದ್ಧತಿ ಬೇರೂರಿತು.

ಆಷಾಢ ಏಕಾದಶಿಯಂದು ಪ್ರತಿ ಪಂಢರಪುರ ಎನಿಸಿದ ವಡಾಲದ ವಿಠ್ಠಲ ಮಂದಿರಕ್ಕೆ ಹೋದವರಿಗೆ ಇದನ್ನು ವಿವರಿಸುವುದು ಸುಲಭ. ಅಂಥ ಜಾತ್ರೆಯಲ್ಲಿ ಒಂದು ಚಪ್ಪಲಿ ಸ್ಟ್ಯಾಂಡ್ ಇದೆಯೆಂದುಕೊಳ್ಳಿ. ಚಪ್ಪಲಿ ಬಿಡುತ್ತೀರಿ, ಟೋಕನ್ ಕೊಡುತ್ತಾರೆ. ಟೋಕನ್ ನಿಮ್ಮ ಕೈಯಲ್ಲಿ, ಚಪ್ಪಲಿ ಅವರ ಗೂಡಿನಲ್ಲಿ. ಟೋಕನ್ ಎಂದರೆ ಕುಕಿ, ಗೂಡು ಎಂದರೆ ಸರ್ವರಿನ ಮೆಮೊರಿಯಲ್ಲಿರುವ ಸೆಷನ್. ಭಕ್ತರು ಬಂದು ಚಪ್ಪಲಿ ಒಯ್ದರೆ ಗೂಡು ಖಾಲಿ. ಬಾರದೇ ಇನ್ನೊಂದು ಬಾಗಿಲಿನಿಂದ ಬರಿಗಾಲಲ್ಲಿ ಹೋಗಿಬಿಟ್ಟರೆ? ಸ್ಟ್ಯಾಂಡಿನವರು ಎಷ್ಟು ಹೊತ್ತು ಕಾಯಬೇಕು? ಗಡುವು ಉದ್ದವಾದರೆ ಗೂಡೆಲ್ಲ ತುಂಬಿ ಹೊಸಬರಿಗೆ ಜಾಗ ಇಲ್ಲ. ಗಡುವು ಚಿಕ್ಕದಾದರೆ ದರ್ಶನ ಮುಗಿಸಿ ಬಂದವರ ಚಪ್ಪಲಿಯೇ ಇಲ್ಲ! "ಯುವರ್ ಸೆಷನ್ ಹ್ಯಾಸ್ ಎಕ್ಸ್‌ಪೈರ್ಡ್" ಎಂಬ ಆ ಅಪ್ರಿಯ ವಾಕ್ಯದ ಅರ್ಥ ಇಷ್ಟೇ. ನಿಮ್ಮ ಗೂಡನ್ನು ಬೇರೆಯವರಿಗೆ ಕೊಟ್ಟಾಯಿತು.

ಹಾಜರಿ ಪುಸ್ತಕದ ಪಾಠ

2014ರ ಏಪ್ರಿಲ್‌ನಲ್ಲಿ ಕ್ರಿಸ್ ರೂಪಿಸಿದ ಹೊಸ ಪೀಳಿಗೆಯ ಇ-ಟಿಕೆಟ್ ವ್ಯವಸ್ಥೆ ಬಂತು. ಅದೇ ವರ್ಷ ಜುಲೈ 8ರಂದು ರೈಲ್ವೆ ಬಜೆಟ್ ಮಂಡಿಸಿದವರು ನಮ್ಮ ದಕ್ಷಿಣ ಕನ್ನಡದ ಡಿ.ವಿ. ಸದಾನಂದ ಗೌಡರು. ನಿಮಿಷಕ್ಕೆ 2,000 ಟಿಕೆಟ್ ಇದ್ದದ್ದು 7,200, ಏಕಕಾಲಕ್ಕೆ 1,20,000 ಬಳಕೆದಾರರು ಎಂಬ ಅಂಕಿಗಳು ಆ ಭಾಷಣದಲ್ಲಿದ್ದವು. ಅದಕ್ಕೂ ಮೊದಲು ಏಕಕಾಲಕ್ಕೆ ತಾಳುತ್ತಿದ್ದದ್ದು 40,000 ಮಂದಿಯನ್ನು.

ಹೊಸ ಸೈಟಿನ ವಿಳಾಸದ ಬಾಲವೂ ಬದಲಾಗಿತ್ತು. "ಡಾಟ್ ಡೂ" ಹೋಗಿ "ಡಾಟ್ ಜೆಎಸ್‌ಎಫ್" ಬಂದಿತ್ತು. ಇದು 2004ರಲ್ಲಿ ಹೊರಬಂದ ಜಾವಾ ಸರ್ವರ್ ಫೇಸಸ್ ಎಂಬ ಫ್ರೇಮ್‌ವರ್ಕಿನ ಗುರುತು. ಈ ಚೌಕಟ್ಟಿನಲ್ಲಿ ಪುಟವೆಂದರೆ ಬರೀ ಅಕ್ಷರವಲ್ಲ, ಒಂದು ಮರ. ಹೆಸರು ಬರೆಯುವ ಪೆಟ್ಟಿಗೆ, ದಿನಾಂಕ, ಗುಂಡಿ, ಪಟ್ಟಿ ಒಂದೊಂದೂ ಆ ಮರದ ರೆಂಬೆ. ಸರ್ವರ್ ಆ ಮರದ ಸ್ಥಿತಿಯನ್ನು ನೆನಪಿಟ್ಟುಕೊಂಡು, ನೀವು ಗುಂಡಿ ಒತ್ತಿದಾಗ ಮತ್ತೆ ಅದನ್ನು ನಿಲ್ಲಿಸಿ ಉತ್ತರ ಕೊಡುತ್ತದೆ. ಬರೆಯುವವರಿಗೆ ಬಹಳ ಅನುಕೂಲ. ಆದರೆ ಮೊದಲ ಆವೃತ್ತಿಗಳಲ್ಲಿ ಪ್ರತಿ ಪುಟಕ್ಕೂ ಇಡೀ ಮರದ ಸ್ಥಿತಿಯನ್ನು ಕಟ್ಟಿಡುತ್ತಿದ್ದರು. ಸಾಲದ್ದಕ್ಕೆ, ಬಳಕೆದಾರ ಹಿಂದಿನ ಪುಟಕ್ಕೆ ಮರಳಬಹುದೆಂದು ಹಳೆಯ ಪುಟಗಳನ್ನೂ ಇಟ್ಟುಕೊಳ್ಳುತ್ತಿದ್ದರು. ಈ ಚೌಕಟ್ಟಿನ ಮುಕ್ತ ರೂಪವಾದ ಅಪಾಚೆ ಮೈಫೇಸಸ್‌ನಲ್ಲಿ ಹೀಗೆ ಇಡುವ ಪುಟಗಳ ಸಂಖ್ಯೆಗೆ ಮೊದಲೇ ಹೊಂದಿಸಿದ್ದ ಮಿತಿ 20.

ಒಂದು ಕಲ್ಪನೆಯ ಸೈಟಿನ ಲೆಕ್ಕ ಹಾಕೋಣ. ಒಂದು ಪುಟದ ಸ್ಥಿತಿ 100 ಕೆಬಿ ಎಂದಿಟ್ಟುಕೊಳ್ಳಿ. ನಮ್ಮ ಟಿಫ್ರ್ಯಾಕ್‌ನಂಥ ಹತ್ತು ಯಂತ್ರಗಳ ನೆನಪು ಒಂದೇ ಪುಟಕ್ಕೆ! ಇಂಥ 20 ಪುಟ ಎಂದರೆ ಒಬ್ಬರಿಗೆ 2 ಎಂಬಿ. ಒಬ್ಬರಿಗೆ ಅದು ಏನೂ ಅಲ್ಲ. 40,000 ಮಂದಿಗೆ 80 ಜಿಬಿ, 1,20,000 ಮಂದಿಗೆ 240 ಜಿಬಿ. ಹನಿಹನಿ ಕೂಡಿ ಹಳ್ಳವಾಗುವುದು ಹೀಗೆ.

ಇದಕ್ಕೆ ಪರಿಹಾರವಾಗಿ ಬಂದ ಉಪಾಯ ನಮ್ಮ ಶಾಲೆಯ ಮೇಷ್ಟರಿಗೆ ಎಂದೋ ಗೊತ್ತಿತ್ತು. ಅರುವತ್ತು ಮಕ್ಕಳ ತರಗತಿಯಲ್ಲಿ ದಿನವೂ ಅರುವತ್ತು ಹೆಸರು ಬರೆಯುವ ಮೇಷ್ಟರು ಯಾರಿದ್ದಾರೆ? ಹೆಸರಿನ ಪಟ್ಟಿ ವರ್ಷಕ್ಕೊಮ್ಮೆ. ದಿನಕ್ಕೆ ಗುರುತು ಹಾಕುವುದು ಬಾರದವರಿಗೆ ಮಾತ್ರ. 2009ರಲ್ಲಿ ಬಂದ ಜೆಎಸ್‌ಎಫ್ 2.0 ಆವೃತ್ತಿ ಇದನ್ನೇ ಮಾಡಿತು. ಪುಟದ ಮೂಲ ನಕ್ಷೆ ಹೇಗೂ ಸರ್ವರಿನಲ್ಲಿದೆ, ಅದರಿಂದ ಯಾವುದು ಬದಲಾಗಿದೆಯೋ ಅದನ್ನಷ್ಟೇ ನೆನಪಿಟ್ಟರೆ ಸಾಕು. ಮೇಲಿನ ಲೆಕ್ಕದ 100 ಕೆಬಿ 10ಕ್ಕೆ ಇಳಿದರೆ 240 ಜಿಬಿ ಇದ್ದದ್ದು 24 ಆಗುತ್ತದೆ. 2013ರ 2.2 ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೆನಪಿಡುವ ಅಗತ್ಯವೇ ಇಲ್ಲದ ಪುಟವನ್ನು ಹಾಗೆಂದು ಘೋಷಿಸಿ ನೆನಪಿನ ಹೊರೆಯಿಂದ ಪೂರ್ತಿ ಬಿಡಿಸಬಹುದಾಯಿತು.

ಇಲ್ಲೊಂದು ಸೂಕ್ಷ್ಮ ನೋಡಿ. ಈ ಸುಧಾರಣೆಗೆ ಹೊಸ ಯಂತ್ರ ಬೇಕಾಗಲಿಲ್ಲ. ಬೇಕಾದದ್ದು "ಇದನ್ನು ಯಾಕೆ ಇಟ್ಟುಕೊಂಡಿದ್ದೇವೆ?" ಎಂಬ ಒಂದು ಪ್ರಶ್ನೆ.

ಹಾಗಾದರೆ ಮೆಮೊರಿ ಉಳಿಸುವುದೇ ಜಾಣತನವೇ? ಪೂರ್ತಿ ಹಾಗೂ ಅಲ್ಲ. ಕ್ರಿಸ್ ಈ ಹೊಸ ವ್ಯವಸ್ಥೆಯಲ್ಲಿ ಜೆಮ್‌ಫೈರ್ ಎಂಬ ತಂತ್ರಾಂಶವನ್ನೂ ಬಳಸಿತು. ಹಲವು ಯಂತ್ರಗಳ ಮೆಮೊರಿಯನ್ನು ಒಟ್ಟುಗೂಡಿಸಿ ಒಂದೇ ದೊಡ್ಡ ಕಪಾಟಿನಂತೆ ಮಾಡುವುದು ಅದರ ಕೆಲಸ. ಪದೇಪದೇ ಕೇಳುವ ಮಾಹಿತಿಯನ್ನು ಇಂಥ ಕಪಾಟಿನಲ್ಲಿಟ್ಟರೆ ಪ್ರತಿ ಸಲ ಉಗ್ರಾಣಕ್ಕೆ ಓಡಬೇಕಾಗಿಲ್ಲ. ಗಾಡಿ ಎಷ್ಟು ಗಂಟೆಗೆ, ಯಾವ ನಿಲ್ದಾಣಗಳಲ್ಲಿ ನಿಲ್ಲುತ್ತದೆ ಎಂಬಂಥವು ಸಾವಿರ ಮಂದಿ ಕೇಳಿದರೂ ಒಂದೇ ಉತ್ತರ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಚಟ್ನಿಯನ್ನು ಗಿರಾಕಿ ಬಂದ ಮೇಲೆ ಅರೆಯುತ್ತಾರೆಯೇ? ಅರೆದು ಬಕೆಟಿನಲ್ಲಿಟ್ಟು ಮಾಣಿ ಬಡಿಸುತ್ತಾ ಹೋಗುತ್ತಾನೆ. ದೋಸೆ ಮಾತ್ರ ಕೇಳಿದ ಮೇಲೆ ಹೊಯ್ಯುವುದು. ಎಲ್ಲರಿಗೂ ಬೇಕಾದದ್ದನ್ನು ಒಂದೇ ಸಲ ನೆನಪಿಡುವುದು, ಒಬ್ಬೊಬ್ಬರದನ್ನು ಆದಷ್ಟು ಕಡಿಮೆ ನೆನಪಿಡುವುದು. ವೇಗದ ಗುಟ್ಟು ಈ ಒಂದು ಮಾತಿನಲ್ಲಿದೆ.

ಹಾರ್ಬರ್ ಲೈನಿನ ಮೆಗಾ ಬ್ಲಾಕ್

ಇನ್ನು ಮರೆಯುವ ವಿಷಯ. ಮೆಮೊರಿಯಲ್ಲಿ ಬಳಸಿ ಬಿಟ್ಟದ್ದನ್ನು ಯಾರು ತೆಗೆಯಬೇಕು? ಹಳೆಯ ಭಾಷೆಗಳಲ್ಲಿ ಪ್ರೋಗ್ರಾಂ ಬರೆದವನೇ ತೆಗೆಯಬೇಕಿತ್ತು. ಜಾವಾದಲ್ಲಿ ಅದಕ್ಕೊಬ್ಬ ಜಾಡಮಾಲಿ ಇದ್ದಾನೆ. ಇಂಗ್ಲಿಷಿನಲ್ಲಿ ಗಾರ್ಬೇಜ್ ಕಲೆಕ್ಷನ್, ನಮ್ಮ ಮಾತಿನಲ್ಲಿ ಕಸ ಗುಡಿಸುವುದು. ಈ ಉಪಾಯ ಜಾವಾಕ್ಕಿಂತ ಬಹಳ ಹಳೆಯದು. ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ ಇದನ್ನು ರೂಪಿಸಿ 1960ರಲ್ಲಿ ಪ್ರಕಟಿಸಿದರು. ನಮ್ಮ ಟಿಫ್ರ್ಯಾಕ್ ಬಳಕೆಗೆ ಬಂದ ವರ್ಷವೇ!

ತೊಂದರೆ ಎಲ್ಲಿ ಎಂದರೆ, ಜನ ಓಡಾಡುತ್ತಿರುವಾಗ ಕಸ ಗುಡಿಸಲಾಗುವುದಿಲ್ಲ. ಯಾವುದು ಕಸ, ಯಾವುದು ಯಾರದೋ ಗಂಟು ಎಂದು ತಿಳಿಯಲು ಎಲ್ಲರನ್ನೂ ಒಂದು ಗಳಿಗೆ ನಿಲ್ಲಿಸಬೇಕು. ವಡಾಲದವರಿಗೆ ಇದು ಹೊಸತಲ್ಲ. ಹಾರ್ಬರ್ ಲೈನಿನಲ್ಲಿ ಭಾನುವಾರದ ಮೆಗಾ ಬ್ಲಾಕ್ ಇದ್ದಾಗ ಹಳಿ ರಿಪೇರಿಗಾಗಿ ಗಾಡಿ ನಿಲ್ಲಿಸುತ್ತಾರಲ್ಲ, ಅದೇ. ಭಾನುವಾರವಾದರೆ ಹೇಗೋ ಸಹಿಸಬಹುದು. ಅದೇ ಬ್ಲಾಕ್ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದರೆ? ಮೆಮೊರಿ ತುಂಬುವುದು ಜನ ಹೆಚ್ಚಿದಾಗ, ತುಂಬಿದಾಗಲೇ ದೊಡ್ಡ ಗುಡಿಸುವಿಕೆ ಬೇಕಾಗುತ್ತದೆ. ಅಂದರೆ ಬ್ಲಾಕ್ ಬೀಳುವುದು ಸರಿಯಾಗಿ ಹತ್ತು ಗಂಟೆಗೇ! ಗಿರಗಿರ ಚಕ್ರಕ್ಕಿರುವ ಕಾರಣಗಳಲ್ಲಿ ಇದೂ ಒಂದು.

ರೇಡಿಯೋದಲ್ಲಿ ಕೆಲಸ ಮಾಡುವವರಿಗೆ ಇದರ ಭಯ ಗೊತ್ತು. ಮೈಕಿನ ಮುಂದೆ ಐದು ಸೆಕೆಂಡು ಮೌನವಾದರೆ ಕೇಳುಗರು ಸೆಟ್ಟು ಕೆಟ್ಟಿತೆಂದು ಗುಂಡಿ ತಿರುಗಿಸುತ್ತಾರೆ. ಟಿಕೆಟ್ ಸೈಟಿನಲ್ಲಿ ಐದು ಸೆಕೆಂಡು ಮೌನವಾದರೆ ಜನ ಮತ್ತೆ ಮತ್ತೆ ಗುಂಡಿ ಒತ್ತುತ್ತಾರೆ. ಒಂದು ಕೋರಿಕೆ ನಾಲ್ಕಾಗುತ್ತದೆ, ಮೆಮೊರಿ ಇನ್ನಷ್ಟು ತುಂಬುತ್ತದೆ, ಮೌನ ಇನ್ನೂ ಉದ್ದವಾಗುತ್ತದೆ.

ಇದಕ್ಕೂ ಹಂತಹಂತವಾಗಿ ದಾರಿ ಸಿಕ್ಕಿತು. ಹೆಚ್ಚಿನ ವಸ್ತುಗಳು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಕಸವಾಗುತ್ತವೆ ಎಂಬುದನ್ನು ಗಮನಿಸಿ, ಹೊಸ ಕಸದ ಮೂಲೆಯನ್ನು ಮಾತ್ರ ಆಗಾಗ ಗುಡಿಸುವ ಕ್ರಮವನ್ನು ಡೇವಿಡ್ ಉಂಗಾರ್ 1984ರಲ್ಲಿ ವಿವರಿಸಿದರು. ಜಾವಾ ಅದನ್ನು ಅಳವಡಿಸಿಕೊಂಡಿತು. 2017ರಲ್ಲಿ ಬಂದ ಜಾವಾ 9ರಲ್ಲಿ ಮೆಮೊರಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಹೆಚ್ಚು ಕಸವಿರುವ ತುಂಡನ್ನು ಮೊದಲು ಗುಡಿಸುವ ಜಿ1 ಪದ್ಧತಿ ಸಾಮಾನ್ಯವಾಗಿ ಸರ್ವರುಗಳ ರೂಢಿಯ ಆಯ್ಕೆಯಾಯಿತು. 2018ರಲ್ಲಿ ಪ್ರಯೋಗವಾಗಿ ಬಂದು 2020ರಲ್ಲಿ ಪೂರ್ಣ ಬಳಕೆಗೆ ಸಿದ್ಧವಾದ ಝಡ್‌ಜಿಸಿ ಎಂಬುದು ಗಾಡಿ ಓಡುತ್ತಿರುವಾಗಲೇ ಬಹುಪಾಲು ಕೆಲಸ ಮುಗಿಸುತ್ತದೆ. ನಿಲುಗಡೆ ಕಣ್ಣೆವೆ ಇಕ್ಕುವಷ್ಟೂ ಇಲ್ಲ. ಆದರೂ ಒಂದು ಮಾತು: ಎಂಥ ಜಾಡಮಾಲಿ ಬಂದರೂ ಕಸ ಕಡಿಮೆ ಹಾಕುವ ಮನೆಯೇ ಚೊಕ್ಕವಾಗಿರುವುದು.

ಒಂದು ಕನ್ನಡ ಅಕ್ಷರದ ತೂಕ

ಕನ್ನಡ ಕಾರ್ಯಕ್ರಮದವರಾಗಿ ನಾವು ಕೇಳಲೇಬೇಕಾದ ಪ್ರಶ್ನೆ: ಈ ಮೆಮೊರಿಯಲ್ಲಿ ಕನ್ನಡಕ್ಕೆ ಎಷ್ಟು ಜಾಗ ಬೇಕು?

ಕಂಪ್ಯೂಟರಿಗೆ "ವಡಾಲ" ಎಂದರೆ ವ, ಡ, ಆಕಾರದ ಗುರುತು, ಲ, ಹೀಗೆ ನಾಲ್ಕು ಸಂಕೇತಗಳು. ಜಾವಾ ತನ್ನೊಳಗೆ ಒಂದೊಂದು ಸಂಕೇತಕ್ಕೆ ಎರಡು ಬೈಟ್ ಕೊಡುತ್ತದೆ, ಒಟ್ಟು ಎಂಟು. ಇಂಗ್ಲಿಷಿನಲ್ಲಿ ಅದೇ ಹೆಸರಿಗೆ ಆರು ಅಕ್ಷರ, ಅಂದರೆ ಹಿಂದೆ ಹನ್ನೆರಡು ಬೈಟ್. ನಮ್ಮದೇ ಹಗುರ! 2017ರ ಜಾವಾ 9 ಇಲ್ಲಿ ಒಂದು ಮಿತವ್ಯಯ ತಂದಿತು. ಇಂಗ್ಲಿಷ್ ಮತ್ತು ಪಶ್ಚಿಮ ಯೂರೋಪಿನ ಅಕ್ಷರಗಳಷ್ಟೇ ಇರುವ ಪದಗಳಿಗೆ ಅಕ್ಷರಕ್ಕೆ ಒಂದೇ ಬೈಟ್. ಇಂಗ್ಲಿಷಿನ ವಡಾಲ ಹನ್ನೆರಡರಿಂದ ಆರಕ್ಕೆ ಇಳಿಯಿತು. ಕನ್ನಡದ ವಡಾಲ ಎಂಟರಲ್ಲೇ ಉಳಿಯಿತು. ಅಂತರ್ಜಾಲದಲ್ಲಿ ಕಳಿಸುವಾಗ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಆಗ ವಡಾಲಕ್ಕೆ ಹನ್ನೆರಡು, ಇಂಗ್ಲಿಷಿಗೆ ಆರು.

ಇದನ್ನು ಕೇಳಿ "ಹಾಗಾದರೆ ಕನ್ನಡ ದುಬಾರಿ" ಎನ್ನುವವರಿದ್ದಾರೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ಒಂದು ಪುಟದಲ್ಲಿ ಸಾವಿರ ಸಂಕೇತಗಳಷ್ಟು ಕನ್ನಡ ಇದ್ದರೂ ಅದು 3,000 ಬೈಟ್, ಮೂರು ಕೆಬಿಯ ಆಸುಪಾಸು. ಹಿಂದೆ ಹೇಳಿದ ಪುಟದ ಸ್ಥಿತಿಯ 100 ಕೆಬಿಯ ಮುಂದೆ, ಜಾಹೀರಾತಿನ ಚಿತ್ರದ ಭಾರದ ಮುಂದೆ ಅದೇನು ದೊಡ್ಡದು? ಮಂಗಳೂರು ಸಮೀಪದ ಕಿನ್ನಿಕಂಬಳದಿಂದ ಬಂದು ಇದೇ ಟಿಐಎಫ್‌ಆರ್‌ನಲ್ಲಿ ದುಡಿದ ಕೆ.ಪಿ. ರಾವ್ ಅವರು ಮೆಮೊರಿ ಬಹಳ ದುಬಾರಿಯಾಗಿದ್ದ ಕಾಲದಲ್ಲೇ ಕಂಪ್ಯೂಟರಿಗೆ ಕನ್ನಡ ಕಲಿಸುವ ದಾರಿ ತೋರಿದವರು. ಅವರ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಮುಂದೆ ಶಿಷ್ಟ ವಿನ್ಯಾಸವಾಗಿ ಒಪ್ಪಿಕೊಂಡಿತು. 2018ರಲ್ಲಿ ಕರ್ನಾಟಕದ ಕೆಲವು ನಿಲ್ದಾಣಗಳ ಸಾಮಾನ್ಯ ಟಿಕೆಟಿನ ಮೇಲೆ ಕನ್ನಡ ಮುದ್ರಣವೂ ಶುರುವಾಯಿತು. ಕನ್ನಡ ಇಲ್ಲದಿರುವಲ್ಲಿ ಕೊರತೆ ಇರುವುದು ಮನಸ್ಸಿನದು, ಮೆಮೊರಿಯದ್ದಲ್ಲ.

ಭಾರ ಯಾರ ತಲೆಗೆ?

2018ರ ಜೂನ್‌ನಲ್ಲಿ ಐಆರ್‌ಸಿಟಿಸಿ ಸೈಟಿಗೆ ಹೊಸ ಮುಖ ಬಂತು. 2020ರ ಡಿಸೆಂಬರ್ 31ರಂದು ಮತ್ತೊಂದು ನವೀಕರಣವಾಯಿತು. "ಡಾಟ್ ಜೆಎಸ್‌ಎಫ್" ಬಾಲ ಕಾಣೆಯಾಯಿತು. ಈ ಹೊಸ ಬಗೆಯಲ್ಲಿ ಪುಟ ಬಿಡಿಸುವ ಕೆಲಸ, ನೀವು ಆರಿಸಿದ್ದನ್ನು ನೆನಪಿಡುವ ಕೆಲಸ ಬಹುಪಾಲು ನಿಮ್ಮ ಬ್ರೌಸರಿನದು. ಸರ್ವರಿಗೆ ಹೋಗುವುದು ಚುಟುಕು ಪ್ರಶ್ನೆಗಳು ಮಾತ್ರ. ಚಪ್ಪಲಿ ಸ್ಟ್ಯಾಂಡಿನವರು "ನಿಮ್ಮ ಚಪ್ಪಲಿ ನಿಮ್ಮ ಚೀಲದಲ್ಲೇ ಇಟ್ಟುಕೊಳ್ಳಿ" ಎಂದ ಹಾಗೆ. ಸರ್ವರ್ ಹಗುರಾಯಿತು, ಒಳ್ಳೆಯದೇ. ಆದರೆ ಭಾರ ಕರಗಲಿಲ್ಲ, ಕೈ ಬದಲಾಯಿತು. ಹೊಸ ಫೋನು ಇದ್ದವರಿಗೆ ಅದು ಭಾರವೆನಿಸದು. ಆರು ವರ್ಷದ ಹಳೆಯ ಫೋನು, ಫೋಟೋ ತುಂಬಿದ ಮೆಮೊರಿ, ಚಾಳಿನ ಒಳಕೋಣೆಯಲ್ಲಿ ತಡವರಿಸುವ ನೆಟ್ ಇದ್ದವರಿಗೆ ಅದು ಒಂದು ಬರ್ತಿನ ಬೆಲೆ.

ವೇಗದಿಂದಲೇ ಎಲ್ಲ ಸರಿಯಾಗದು ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. ಸರ್ವರ್ ಎಷ್ಟೇ ಚುರುಕಾದರೂ ಮತ್ಸ್ಯಗಂಧಾಕ್ಕೆ ಒಂದು ಬರ್ತೂ ಹೆಚ್ಚಾಗುವುದಿಲ್ಲ. ಇದ್ದದ್ದು ಇನ್ನೂ ಬೇಗ ಮುಗಿಯುತ್ತದೆ ಅಷ್ಟೇ. ಆ ವೇಗದ ಲಾಭವನ್ನು ಮನುಷ್ಯರಿಗಿಂತ ಮೊದಲು ಪಡೆದವು ಬಾಟ್ ಎಂಬ ತಂತ್ರಾಂಶಗಳು. 2025ರ ಜೂನ್‌ನಲ್ಲಿ ರೈಲ್ವೆ ಕೊಟ್ಟ ವಿವರದ ಪ್ರಕಾರ ತತ್ಕಾಲ್ ತೆರೆದ ಮೊದಲ ಐದು ನಿಮಿಷಗಳಲ್ಲಿ ನಡೆಯುವ ಲಾಗಿನ್ ಯತ್ನಗಳಲ್ಲಿ ಶೇಕಡಾ 50ರವರೆಗೆ ಇಂಥ ಬಾಟ್‌ಗಳದು. ಅನುಮಾನಾಸ್ಪದವಾದ ಎರಡೂವರೆ ಕೋಟಿ ಖಾತೆಗಳನ್ನು ಸ್ಥಗಿತಗೊಳಿಸಲಾಗಿತ್ತು. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ಟಿಕೆಟಿಗೆ ಆಧಾರ್ ದೃಢೀಕರಣ ಕಡ್ಡಾಯವಾಯಿತು, ಬಾಗಿಲು ತೆರೆದ ಮೊದಲ ಅರ್ಧ ಗಂಟೆ ಏಜೆಂಟರಿಗೆ ತಡೆ ಬಂತು. ನೋಡಿ, ಅರ್ಧ ಸಮಸ್ಯೆ ಮೆಮೊರಿಯದ್ದಾಗಿದ್ದರೆ ಇನ್ನರ್ಧ ನಿಯಮದ್ದು. ಸುಳ್ಳು ಗಿರಾಕಿಯನ್ನು ಬಾಗಿಲಲ್ಲೇ ತಡೆದರೆ ಅವನಿಗಾಗಿ ಗೂಡು ತೆರೆಯುವ ಪ್ರಮೇಯವೇ ಬಾರದು. ಅದೂ ಒಂದು ಬಗೆಯ ಮೆಮೊರಿ ಉಳಿತಾಯವೇ.

ಕೊಲಾಬಾದ ಹತ್ತು ಕೆಬಿಯಿಂದ ಇಂದಿನ ನೂರಾರು ಜಿಬಿಯವರೆಗೆ ಯಂತ್ರ ಬಹಳ ಬೆಳೆಯಿತು. ಬೆಳೆದಂತೆಲ್ಲ ಉದಾಸೀನವೂ ಬೆಳೆಯಿತು, ಜಾಗ ಇದೆಯಲ್ಲ ಎಂದು ತುಂಬಿದ್ದೇ ತುಂಬಿದ್ದು. ನಮ್ಮ ಕೇಳುಗರಲ್ಲಿ ಐರೋಲಿಯಲ್ಲೋ ಪವಾಯಿಯಲ್ಲೋ ಕುಳಿತು ಇಂಥ ಸೈಟುಗಳಿಗೆ ಕೋಡ್ ಬರೆಯುವ ತರುಣ ತರುಣಿಯರು ಅನೇಕರಿದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ನೀವು ಬರೆದದ್ದನ್ನು ಕಚೇರಿಯ ಹೊಸ ಯಂತ್ರದಲ್ಲಿ ಮಾತ್ರ ಪರೀಕ್ಷಿಸಬೇಡಿ. ಒಂದು ಹಳೆಯ ಫೋನಿನಲ್ಲಿ, ವಡಾಲ ಸ್ಟೇಷನ್ನಿನ ಗದ್ದಲದಲ್ಲಿ, ಎರಡು ಕಡ್ಡಿ ಸಿಗ್ನಲ್ಲಿನಲ್ಲಿ ಒಮ್ಮೆ ತೆರೆದು ನೋಡಿ. ನೀವು ಉಳಿಸಿದ ಒಂದೊಂದು ಕೆಬಿಯೂ ಸಾಲಿನ ಕೊನೆಯಲ್ಲಿ ನಿಂತವರನ್ನು ಒಂದು ಹೆಜ್ಜೆ ಮುಂದಕ್ಕೆ ತರುತ್ತದೆ.

ಟಿಕೆಟಿಗಾಗಿ ಕಾಯುವ ಉಳಿದವರಿಗೆ ಎರಡು ಉಪಯುಕ್ತ ಮಾತು. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ, ಊರಿನ ಕಾರ್ಯಕ್ರಮದ ದಿನ ನಿಶ್ಚಯವಾದ ಕೂಡಲೇ ಲೆಕ್ಕ ಹಾಕಿಕೊಳ್ಳಿ. ಚಕ್ರ ತಿರುಗುತ್ತಿರುವಾಗ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ, ನಿಮ್ಮದೇ ಕೋರಿಕೆ ನಿಮ್ಮ ಮುಂದೆ ಸಾಲು ನಿಲ್ಲುತ್ತದೆ. ಹಳೆಯ ಫೋನಿನಲ್ಲಿ ಸೈಟು ತೆರೆಯದಿದ್ದರೆ ನಿಲ್ದಾಣದ ಕೌಂಟರ್ ಇದ್ದೇ ಇದೆ. ಅಲ್ಲಿ ನಿಮ್ಮ ಫೋನಿಗೆ ಎಷ್ಟು ಮೆಮೊರಿ ಎಂದು ಯಾರೂ ಕೇಳುವುದಿಲ್ಲ.

ಎಲ್ಲರ ಪ್ರಯಾಣವೂ ಸುಖಕರವಾಗಲಿ. ಊರಿನಿಂದ ಬರುವಾಗ ಹಲಸಿನ ಹಪ್ಪಳ ಮರೆಯದಿರಿ.